ಪ್ರಶ್ನೆಗೊಂದು ಬುಧವಾರ



ಅರಕಲಗೂಡಿನಿಂದಲೋ, ಹೊಳೆನರಸೀಪುರದಿಂದಲೋ, ಚನ್ನರಾಯಪಟ್ಟಣದಿಂದಲೋ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಓದಲು ಬರುವವರು ನಿಮ್ಮಲ್ಲಿ ಅನೇಕರಿರಬಹುದು. ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ಹಾಗೆ ಬರುತ್ತಿದ್ದವನು. ಅರಕಲಗೂಡಿನಲ್ಲಿ ಬಸ್ಸು ಹತ್ತಿ, ಹೇಮಾವತಿ ದಾಟಿ, ಟಿಫನ್ ಡಬ್ಬಿಯನ್ನೂ ಭೌತವಿಜ್ಞಾನದ ಪುಸ್ತಕವನ್ನೂ ಒಂದೇ ಚೀಲದಲ್ಲಿ ತುರುಕಿಕೊಂಡು ಹಾಸನದ ನಿಲ್ದಾಣದಲ್ಲಿ ಇಳಿಯುತ್ತಿದ್ದೆ.

ಹಾಸನಕ್ಕೆ ಬೇರೆ ಜಿಲ್ಲಾ ಕೇಂದ್ರಗಳಿಗಿಲ್ಲದ ಒಂದು ಹೆಮ್ಮೆಯಿದೆ. ಸಾಲಗಾಮೆ ರಸ್ತೆಯ ಕಡೆ ಹೋದರೆ ಆಕಾಶಕ್ಕೆ ಮುಖ ಮಾಡಿ ನಿಂತ ಬೃಹತ್ ಬಿಳಿ ತಟ್ಟೆಗಳು ಕಾಣುತ್ತವೆ. ಅದು ಇಸ್ರೋ ಸಂಸ್ಥೆಯ ಉಪಗ್ರಹ ನಿಯಂತ್ರಣ ಕೇಂದ್ರ. 1982ರಲ್ಲಿ ಇನ್ಸಾಟ್ ಸರಣಿಯ ಮೊದಲ ಉಪಗ್ರಹ ಮೇಲೇರಿದಾಗಿನಿಂದ ದೇಶದ ಸಂಪರ್ಕ ಉಪಗ್ರಹಗಳ ಯೋಗಕ್ಷೇಮ ನೋಡಿಕೊಳ್ಳುತ್ತಿರುವುದು ಈ ಕೇಂದ್ರ. ಆ ಮೊದಲ ಉಪಗ್ರಹ ಕೆಲವೇ ತಿಂಗಳಲ್ಲಿ ಕೆಟ್ಟುಹೋಯಿತು. ಮರುವರ್ಷ, 1983ರಲ್ಲಿ, ಎರಡನೆಯದು ಏರಿತು. ಹಳ್ಳಿಹಳ್ಳಿಯ ಮನೆಗಳಿಗೆ ದೂರದರ್ಶನ ಬಂದದ್ದರ ಹಿಂದೆ ಈ ಉಪಗ್ರಹಗಳ ದೊಡ್ಡ ಪಾಲಿದೆ.

ಆ ತಟ್ಟೆಗಳನ್ನು ನೋಡಿ ನನಗೊಂದು ಸಂಶಯ ಹುಟ್ಟಿತು. ಉಪಗ್ರಹ ಭೂಮಿಯನ್ನು ಸುತ್ತುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಸುತ್ತುವ ವಸ್ತುವಿನ ಕಡೆ ನೋಡುವ ತಟ್ಟೆಯೂ ತಿರುಗುತ್ತಿರಬೇಕಲ್ಲ? ಆದರೆ ಬೆಳಿಗ್ಗೆ ನೋಡಿದರೂ ಸಂಜೆ ನೋಡಿದರೂ ಅವು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿರುತ್ತಿದ್ದವು. ಒಂದು ದಿನ ಧೈರ್ಯ ಮಾಡಿ ತರಗತಿಯಲ್ಲಿ ಕೇಳಿದೆ. ಅಧ್ಯಾಪಕರು ಗಡಿಯಾರ ನೋಡಿಕೊಂಡು, "ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ" ಎಂದರು. ಕೂತುಕೊಂಡೆ. ಅವರ ಮೇಲೆ ನನಗೀಗ ಕೋಪವಿಲ್ಲ. ಮುಗಿಸಬೇಕಾದ ಪಾಠಗಳು ಅವರ ತಲೆಯ ಮೇಲಿದ್ದವು. ಆದರೆ ಆ ಪ್ರಶ್ನೆ ಹಾಗೆ ಕೂರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಬೆಂಗಳೂರಿನ ಬಸವನಗುಡಿಯಲ್ಲಿ, ಒಂದು ಬುಧವಾರದ ಸಂಜೆ.

ಆ ಬುಧವಾರವನ್ನು ನಮಗಾಗಿ ಮಾಡಿಟ್ಟವರು ಒಬ್ಬ ಮೇಷ್ಟರು. ತೆರೆಯ ಮೇಲಿನ ಅರ್ಧ ಗಂಟೆಯಲ್ಲಿ ಅವರ ಬಗ್ಗೆ ಹೇಳಲಾಗದೆ ಉಳಿದ ಮಾತುಗಳನ್ನು ಈ ಪುಟಗಳಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ಡಾ. ಎಚ್. ನರಸಿಂಹಯ್ಯ. ನಾಡು ಅವರನ್ನು ಪ್ರೀತಿಯಿಂದ 'ಎಚ್.ಎನ್.' ಎಂದು ಕರೆಯಿತು.

ನಡೆದು ಬಂದ ಹುಡುಗ

ನರಸಿಂಹಯ್ಯನವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ. ಆಗ ಅದು ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ. ಬಡ ಕುಟುಂಬ. ಊರಿನಲ್ಲಿ ಮಾಧ್ಯಮಿಕ ಶಾಲೆಯವರೆಗೆ ಮಾತ್ರ ಓದಲು ಅವಕಾಶವಿತ್ತು. ಮುಂದೆ ಓದಬೇಕೆಂದರೆ ಊರು ಬಿಡಬೇಕು, ಊರು ಬಿಡಲು ಕಾಸು ಬೇಕು.

ಇಂಥ ಕಡೆ ಒಬ್ಬ ಮೇಷ್ಟರ ಪ್ರವೇಶವಾಗುತ್ತದೆ. ಹೊಸೂರಿನ ಶಾಲೆಯಲ್ಲಿ ಎಂ. ಎಸ್. ನಾರಾಯಣರಾಯರು ಮುಖ್ಯೋಪಾಧ್ಯಾಯರಾಗಿದ್ದರು. ಅವರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಹೋದ ಮೇಲೆ ಈ ಶಿಷ್ಯನನ್ನೂ ಅಲ್ಲಿಗೆ ಕರೆದರು. 1935ರಲ್ಲಿ ಹುಡುಗ ಹೊರಟ. ಬಸ್ಸಿಗೆ ಹಣವಿರಲಿಲ್ಲ. ಸುಮಾರು 80 ಕಿಲೋಮೀಟರ್ ದಾರಿಯನ್ನು ನಡೆದೇ ಬೆಂಗಳೂರು ಸೇರಿದ.

ಮರುವರ್ಷ ಗಾಂಧೀಜಿ ಆ ಶಾಲೆಗೆ ಬಂದರು. ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಅನುವಾದಿಸುವ ಅವಕಾಶ ಸಿಕ್ಕಿದ್ದು ಈ ಹಳ್ಳಿಯ ಹುಡುಗನಿಗೆ. ಅಂದಿನಿಂದ ಖಾದಿ ಅವರ ಜೀವನದ ಉಡುಪಾಯಿತು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಅವರದೇ ಭಾಷೆಯಲ್ಲಿ ತಲುಪಿಸುವ ಆ ಕೆಲಸವನ್ನೇ ಅವರು ಮುಂದೆ ಬದುಕಿನುದ್ದಕ್ಕೂ ಮಾಡಿದರು ಎನ್ನಬೇಕು. ಆಗ ಗಾಂಧೀಜಿಯ ಮಾತು, ಆಮೇಲೆ ವಿಜ್ಞಾನದ ಮಾತು.

ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಓದುತ್ತಿದ್ದಾಗ 1942ರ 'ಭಾರತ ಬಿಟ್ಟು ತೊಲಗಿ' ಚಳವಳಿ ಬಂತು. ಪುಸ್ತಕ ಕೆಳಗಿಟ್ಟು ಚಳವಳಿಗೆ ಇಳಿದು ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಮತ್ತೆ ಪುಸ್ತಕ ಹಿಡಿದು ಓದು ಮುಗಿಸಿದರು. 1946ರಲ್ಲಿ ಎಂ.ಎಸ್ಸಿ. ಪಡೆದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ನಂತರ ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ, ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸಿ, 1960ರಲ್ಲಿ ಡಾಕ್ಟರೇಟ್ ಪಡೆದರು.

ಇಲ್ಲಿ ಒಂದು ಕ್ಷಣ ನಿಲ್ಲಿ. ಅದು ಪರಮಾಣು ವಿಜ್ಞಾನಕ್ಕೆ ಜಗತ್ತಿನಾದ್ಯಂತ ಮನ್ನಣೆಯಿದ್ದ ಕಾಲ. ಡಾಕ್ಟರೇಟ್ ಪಡೆದು ಹಿಂತಿರುಗಿದ ನರಸಿಂಹಯ್ಯನವರು ಮರಳಿ ಹೋದದ್ದು ಅದೇ ಬಸವನಗುಡಿಯ ಕಾಲೇಜಿಗೆ, ಅದೇ ಕರಿಹಲಗೆಯ ಮುಂದಕ್ಕೆ. 1961ರಲ್ಲಿ ಅಲ್ಲಿನ ಪ್ರಾಂಶುಪಾಲರಾದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅವರ ಮನೆಯಾಗಿತ್ತು. ವಿದ್ಯಾರ್ಥಿಗಳ ಜೊತೆಗೇ ಬದುಕಿದ ಮೇಷ್ಟರನ್ನು ಕಾಣಲು ಯಾರೂ ಅಪ್ಪಣೆ ಬೇಡಬೇಕಿರಲಿಲ್ಲ.

ಕನ್ನಡದ ಹಳೆಯ ಹಾದಿ

ವಿಜ್ಞಾನವನ್ನು ಜನರ ಬಳಿಗೆ ಒಯ್ಯಬೇಕೆಂದು ನಮ್ಮ ನಾಡಿನಲ್ಲಿ ಮೊದಲು ಹೊರಟವರು ಎಚ್.ಎನ್. ಅಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆಗೂಡಿ 1918ರ ಸುಮಾರಿಗೆ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದ್ದರು. ಅದು ಹೆಚ್ಚು ಕಾಲ ನಡೆಯಲಿಲ್ಲ. ಆದರೂ ಕನ್ನಡದಲ್ಲಿ ವಿಜ್ಞಾನ ಹೇಳಬಹುದೆಂಬುದನ್ನು ತೋರಿಸಿಕೊಟ್ಟಿತು. ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗಾಗಿ 'ಬಾಲಪ್ರಪಂಚ'ದ ಸಂಪುಟಗಳನ್ನೂ, ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನೂ ಒಬ್ಬರೇ ಕೂತು ಬರೆದರು.

ಇವರೆಲ್ಲ ಉತ್ತರಗಳನ್ನು ಕನ್ನಡಕ್ಕೆ ತಂದವರು. ಅದು ಸಣ್ಣ ಕೆಲಸವಲ್ಲ. ಆದರೆ ಪುಸ್ತಕ ಓದುವ ಹುಡುಗನಿಗೆ ಒಂದು ಸಂಶಯ ಬಂದರೆ ಯಾರನ್ನು ಕೇಳಬೇಕು? ಪುಸ್ತಕ ಮರುಮಾತಾಡುವುದಿಲ್ಲ. ತರಗತಿಯಲ್ಲಿ ಸಮಯವಿಲ್ಲ. ಮನೆಯಲ್ಲಿ ತಿಳಿದವರಿಲ್ಲ. ನರಸಿಂಹಯ್ಯನವರ ಗಮನ ಹೋದದ್ದು ಈ ಕಡೆಗೆ.

ವಾರಕ್ಕೊಂದು ಸಂಜೆ

1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ 'ಬೆಂಗಳೂರು ಸೈನ್ಸ್ ಫೋರಂ' ಆರಂಭವಾಯಿತು. ಅದರ ಕ್ರಮ ತೀರ ಸರಳ. ವಾರಕ್ಕೊಮ್ಮೆ, ಬುಧವಾರ ಸಂಜೆ, ಒಬ್ಬ ವಿಜ್ಞಾನಿ ಬಂದು ತಮ್ಮ ವಿಷಯ ಕುರಿತು ಮಾತಾಡಬೇಕು. ಯಾರು ಬೇಕಾದರೂ ಬಂದು ಕೇಳಬಹುದು. ಮಾತು ಮುಗಿದ ಮೇಲೆ ಪ್ರಶ್ನೆ ಕೇಳಬಹುದು. ಜುಲೈ ತಿಂಗಳಲ್ಲಿ ವಿಜ್ಞಾನೋತ್ಸವ. ಆಗ ಉಪನ್ಯಾಸಗಳ ಸಾಲೇ ಇರುತ್ತದೆ.

ಇದರಲ್ಲಿ ಅಂಥ ವಿಶೇಷವೇನು ಎಂದು ನೀವು ಕೇಳಬಹುದು. ಮೂರು ಸಂಗತಿಗಳನ್ನು ಗಮನಿಸಿ.

ಮೊದಲನೆಯದು, ಇಲ್ಲಿ ಪರೀಕ್ಷೆಯಿಲ್ಲ. ಹಾಜರಿ ಹಾಕುವವರಿಲ್ಲ, ಅಂಕ ಕೊಡುವವರಿಲ್ಲ. ಕೇಳಲು ಬಂದವನು ಕುತೂಹಲ ಒಂದಕ್ಕಾಗಿಯೇ ಬಂದಿರುತ್ತಾನೆ.

ಎರಡನೆಯದು, ಸಂಶೋಧನೆ ಮಾಡುವವರಿಗೂ ಕಲಿಯುವವರಿಗೂ ನಡುವಿನ ದೂರ ಇಲ್ಲಿ ಕರಗುತ್ತದೆ. ಬೆಂಗಳೂರಿನಲ್ಲಿ ಹೆಸರಾಂತ ವಿಜ್ಞಾನ ಸಂಸ್ಥೆಗಳಿಗೆ ಕೊರತೆಯಿರಲಿಲ್ಲ. ಆದರೆ ಅವುಗಳ ಗೇಟು ದಾಟಿ ಹೋಗುವ ಧೈರ್ಯ ಎಷ್ಟು ವಿದ್ಯಾರ್ಥಿಗಳಿಗಿತ್ತು? ವಿದ್ಯಾರ್ಥಿ ವಿಜ್ಞಾನಿಯ ಬಳಿ ಹೋಗಲಾರದಿದ್ದರೆ ವಿಜ್ಞಾನಿಯೇ ವಿದ್ಯಾರ್ಥಿಯ ಬಳಿ ಬರಲಿ ಎಂಬುದು ಇಲ್ಲಿನ ಕ್ರಮ.

ಮೂರನೆಯದೇ ಮುಖ್ಯ. ಪ್ರಶ್ನೆಗೆ ಒಂದು ವಾರ, ಒಂದು ವೇಳೆ, ಒಂದು ಜಾಗ ಗೊತ್ತಾಯಿತು. 'ಪ್ರಶ್ನೆ ಕೇಳಿ' ಎಂದು ಮಕ್ಕಳಿಗೆ ಬೋಧಿಸುವವರು ಬಹಳ ಮಂದಿ. ಕೇಳುವುದಕ್ಕೆ ಒಂದು ಕೊಠಡಿ ಕೊಟ್ಟು, ದೀಪ ಹಾಕಿ, ಬಾಗಿಲು ತೆರೆದಿಡುವವರು ಕಡಿಮೆ. ಎಚ್.ಎನ್. ಅವರ ಬೋಧನಾ ಕ್ರಮದ ತಿರುಳನ್ನು ಹುಡುಕುವುದಾದರೆ ನಾನು ಈ ಬುಧವಾರದಲ್ಲೇ ಹುಡುಕುತ್ತೇನೆ.

ಪ್ರಶ್ನೆಗೆ ತೆತ್ತ ಬೆಲೆ

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1977ರವರೆಗೆ ಆ ಸ್ಥಾನದಲ್ಲಿದ್ದರು. ಕಾಲೇಜಿನ ಕೊಠಡಿಯಲ್ಲಿ ಕೇಳುವ ಪ್ರಶ್ನೆ ಯಾರನ್ನೂ ನೋಯಿಸುವುದಿಲ್ಲ. ಅದೇ ಪ್ರಶ್ನೆ ಬೀದಿಗೆ ಬಂದರೆ ಏನಾಗುತ್ತದೆ ಎಂಬುದು ಈ ಅವಧಿಯಲ್ಲಿ ಗೊತ್ತಾಯಿತು.

1976ರಲ್ಲಿ, ಪವಾಡಗಳನ್ನೂ ಪರಿಶೀಲನೆಗೆ ಒಳಪಡಿಸಬಹುದಾದ ಇತರ ನಂಬಿಕೆಗಳನ್ನೂ ವೈಜ್ಞಾನಿಕವಾಗಿ ತನಿಖೆ ಮಾಡಲು ಅವರು ವಿಶ್ವವಿದ್ಯಾಲಯದಲ್ಲಿ ಒಂದು ಸಮಿತಿ ರಚಿಸಿದರು. ದೇಶದಾದ್ಯಂತ ಭಕ್ತರಿದ್ದ ಸತ್ಯ ಸಾಯಿಬಾಬಾ ಅವರಿಗೂ ಪತ್ರ ಬರೆದು, ಸಮಿತಿಯ ಮುಂದೆ ಪವಾಡಗಳನ್ನು ತೋರಿಸಬೇಕೆಂದು ಕೋರಿದರು. ಪರಿಶೀಲನೆ ನಡೆಯಲಿಲ್ಲ. ಪತ್ರಿಕೆಗಳಲ್ಲಿ ದೊಡ್ಡ ಚರ್ಚೆ ನಡೆಯಿತು. ಭಕ್ತಿಯನ್ನು ಪ್ರಯೋಗಾಲಯಕ್ಕೆ ಎಳೆಯಬಾರದು ಎಂದವರಿದ್ದರು. ಕುಲಪತಿಗೆ ಈ ಉಸಾಬರಿ ಏಕೆ ಎಂದವರೂ ಇದ್ದರು.

ನೀವು ಯಾವ ಪಕ್ಷದವರಾದರೂ ಆಗಿರಿ, ಒಂದು ಸೂಕ್ಷ್ಮವನ್ನು ಮಾತ್ರ ಗಮನಿಸಿ. ಸಮಿತಿ ರಚಿಸುವುದೆಂದರೆ 'ಇದು ಸುಳ್ಳು' ಎಂದು ತೀರ್ಪು ಕೊಟ್ಟಂತಲ್ಲ, 'ನೋಡೋಣ' ಎಂದಂತೆ. ನೋಡುವ ಮೊದಲೇ ಒಪ್ಪುವುದೂ ನೋಡುವ ಮೊದಲೇ ತಳ್ಳಿಹಾಕುವುದೂ ವಿಜ್ಞಾನದ ದಾರಿಯಲ್ಲ. ಅದೇ 1976ರಲ್ಲಿ ನಮ್ಮ ಸಂವಿಧಾನಕ್ಕೆ 42ನೆಯ ತಿದ್ದುಪಡಿಯಾಗಿ, ಮೂಲಭೂತ ಕರ್ತವ್ಯಗಳು ಸೇರಿದವು. ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಅವುಗಳಲ್ಲೊಂದು. ಪ್ರಶ್ನಿಸುವುದು ಈ ದೇಶದ ಪ್ರಜೆಯ ಕರ್ತವ್ಯ ಎಂದು ಸಂವಿಧಾನವೇ ಹೇಳಿದ ಹಾಗಾಯಿತು. ಜಿಜ್ಞಾಸೆಯ ಪಕ್ಕದಲ್ಲೇ ಮಾನವೀಯತೆಯನ್ನೂ ಇರಿಸಿರುವುದನ್ನು ಮರೆಯಬೇಡಿ. ಆ ಮಾತಿಗೆ ಮತ್ತೆ ಬರುತ್ತೇನೆ.

1984ರಲ್ಲಿ ಅವರಿಗೆ ಪದ್ಮಭೂಷಣ ಬಂತು. 'ತೆರೆದ ಮನ' ಅವರ ಲೇಖನಗಳ ಸಂಗ್ರಹ, 'ಹೋರಾಟದ ಹಾದಿ' ಅವರ ಆತ್ಮಕಥೆ. ಎರಡೂ ಸರಳ ಕನ್ನಡದ ಪುಸ್ತಕಗಳು. ನಿಮ್ಮ ಗ್ರಂಥಾಲಯದಲ್ಲಿ ಇದ್ದರೆ ತೆಗೆದು ಓದಿ.

ಬಸವನಗುಡಿ ದೂರ

ಇಷ್ಟೆಲ್ಲ ಹೊಗಳಿದ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. ಬಸವನಗುಡಿಯ ಬುಧವಾರ ಅರಕಲಗೂಡಿನ ಹುಡುಗನಿಗೆ ಬಹಳ ದೂರ. ಸಂಜೆಯ ಉಪನ್ಯಾಸ ಕೇಳಿ ರಾತ್ರಿ ಊರು ಸೇರುವುದು ಆಗದ ಮಾತು. ಒಳ್ಳೆಯದೆಲ್ಲ ರಾಜಧಾನಿಯಲ್ಲೇ ಉಳಿದುಹೋಗುವುದು ನಮ್ಮ ನಾಡಿನ ಹಳೆಯ ಕಾಯಿಲೆ.

ಎಚ್.ಎನ್. ಅವರಿಗೆ ಇದರ ಅರಿವಿತ್ತು. ಎಷ್ಟಾದರೂ ಅವರು 80 ಕಿಲೋಮೀಟರ್ ನಡೆದು ಬಂದವರು. ತಮ್ಮ ವಿದ್ಯಾಸಂಸ್ಥೆಯ ಕಾಲೇಜುಗಳು ಗೌರಿಬಿದನೂರು, ಬಾಗೇಪಲ್ಲಿಗಳಂಥ ಹಿಂದುಳಿದ ತಾಲ್ಲೂಕುಗಳಲ್ಲಿ ನೆಲೆಗೊಳ್ಳಲು ದುಡಿದರು. ಇನ್ನೊಂದು ಕಡೆ, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ನಾಡಿನ ಅನೇಕ ವಿಜ್ಞಾನ ಲೇಖಕರೂ ಅಧ್ಯಾಪಕರೂ ಅದಕ್ಕೆ ಹೆಗಲು ಕೊಟ್ಟರು. 'ಬಾಲವಿಜ್ಞಾನ' ಮಾಸಪತ್ರಿಕೆ ಅಂಚೆಯ ಮೂಲಕ ಹಳ್ಳಿಯ ಶಾಲೆಗಳಿಗೆ ಬರತೊಡಗಿತು. ನನ್ನ ಶಾಲೆಯ ಬೀರುವಿನಲ್ಲೂ ಅದರ ಹಳೆಯ ಸಂಚಿಕೆಗಳ ಒಂದು ಕಟ್ಟಿತ್ತು. ಬೀಗದ ಕೈ ಸಿಕ್ಕ ದಿನ ನಮಗೆ ಹಬ್ಬ.

ಆದರೂ ಸಂಸ್ಥೆ, ಪತ್ರಿಕೆಗಳಿಂದಷ್ಟೇ ಬುಧವಾರ ಆಗುವುದಿಲ್ಲ. ಒಬ್ಬ ಮೇಷ್ಟರೋ ಮೇಡಮ್ಮೋ ಮನಸ್ಸು ಮಾಡಬೇಕು. ಹಾಗೆ ಮನಸ್ಸು ಮಾಡಿದವರೊಬ್ಬರನ್ನು ನಾನು ಹೊಳೆನರಸೀಪುರದಲ್ಲಿ ಕಂಡೆ.

ಎರಡು ಡಬ್ಬಿ ಅನ್ನ

2019ರ ಡಿಸೆಂಬರ್ 26. ಅಂದು ಬೆಳಿಗ್ಗೆ ಕಂಕಣ ಸೂರ್ಯಗ್ರಹಣ. ಕಂಕಣ ಕಾಣುವ ಪಟ್ಟಿ ಕಾಸರಗೋಡು ಮತ್ತು ದಕ್ಷಿಣ ಕೊಡಗಿನ ಮೇಲೆ ಹಾದುಹೋಗಿತ್ತು. ಹಾಸನ ಜಿಲ್ಲೆಯಲ್ಲಿ ಪಾರ್ಶ್ವಗ್ರಹಣವಾದರೂ ಒಂಬತ್ತೂವರೆಯ ಹೊತ್ತಿಗೆ ಸೂರ್ಯನ ಬಹುಭಾಗ ಮುಚ್ಚಿಹೋಗಿ, ಬಿಸಿಲು ಬೆಳದಿಂಗಳ ಹಾಗೆ ಸಪ್ಪೆಯಾಗಿತ್ತು. ಚಿತ್ರೀಕರಣಕ್ಕೆಂದು ನಾವು ಹೊಳೆನರಸೀಪುರದಲ್ಲಿದ್ದೆವು. ಬೀದಿಯಲ್ಲಿ ಜನರೇ ಇಲ್ಲ. ಹೋಟೆಲುಗಳಲ್ಲಿ ಒಲೆ ಹಚ್ಚಿರಲಿಲ್ಲ.

ಒಂದು ಶಾಲೆಯ ಅಂಗಳದಲ್ಲಿ ಮಾತ್ರ ಇಪ್ಪತ್ತು ಇಪ್ಪತ್ತೈದು ಮಕ್ಕಳಿದ್ದರು. ವಿಜ್ಞಾನದ ಮೇಷ್ಟರು ರಟ್ಟಿಗೆ ಸೂಜಿಯಿಂದ ತೂತು ಮಾಡಿ, ನೆಲದ ಮೇಲಿನ ಬಿಳಿ ಹಾಳೆಯಲ್ಲಿ ಸೂರ್ಯನ ಬಿಂಬ ಬೀಳಿಸಿ ತೋರಿಸುತ್ತಿದ್ದರು. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಬಾರದೆಂದು ನಿಮಿಷಕ್ಕೊಮ್ಮೆ ಎಚ್ಚರಿಸುತ್ತಿದ್ದರು. ಹೊಂಗೆಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಪುಟ್ಟ ಪುಟ್ಟ ಬಿದಿಗೆಯ ಚಂದ್ರರಾಗಿದ್ದವು.

ಆಗ ಒಬ್ಬ ಹುಡುಗಿ ಕೇಳಿದಳು: "ಸರ್, ಗ್ರಹಣದ ಹೊತ್ತಲ್ಲಿ ಅನ್ನ ವಿಷ ಆಗುತ್ತೆ ಅಂತಾರೆ ನಮ್ಮಜ್ಜಿ. ನಿಜಾನಾ?"

'ಅದೆಲ್ಲ ಮೂಢನಂಬಿಕೆ' ಎಂದು ಅವರು ಹೇಳುತ್ತಾರೆಂದು ನಾನು ಕ್ಯಾಮರಾ ತಿರುಗಿಸಿದೆ. ಅವರು ಹೇಳಲಿಲ್ಲ. "ನಾನ್ಯಾಕೆ ಹೇಳಲಿ? ಹೇಗೆ ತಿಳಿಯೋದು, ನೀನೇ ಹೇಳು" ಎಂದರು. ಮಕ್ಕಳು ಯೋಚಿಸಿದರು. ಒಂದು ಡಬ್ಬಿ ಅನ್ನ ಹೊರಗಿಡೋಣ, ಇನ್ನೊಂದು ಒಳಗಿಡೋಣ ಎಂದಳು ಅದೇ ಹುಡುಗಿ. "ಹೊರಗೆ ಬಿಸಿಲಿಗೆ ಬೇಗ ಹಳಸುತ್ತೆ, ಗ್ರಹಣದಿಂದ ಅಂತ ಹೆಂಗೆ ಗೊತ್ತಾಗುತ್ತೆ?" ಎಂದ ಇನ್ನೊಬ್ಬ. ಕೊನೆಗೆ ಮಕ್ಕಳೇ ತೀರ್ಮಾನಿಸಿದರು: ಒಂದೇ ಅಳತೆಯ ಅನ್ನ, ಒಂದೇ ತರದ ಡಬ್ಬಿ, ಒಂದೇ ನೆರಳು. ಇವತ್ತು ಗ್ರಹಣದ ಹೊತ್ತಿನಲ್ಲಿ ಒಂದು, ನಾಳೆ ಅದೇ ಹೊತ್ತಿನಲ್ಲಿ ಇನ್ನೊಂದು. ಸಂಜೆ ಮೂಸಿ ನೋಡಿ, ಬಣ್ಣ ನೋಡಿ ಬರೆದಿಡುವುದು.

ಹೋಲಿಸಲು ಇನ್ನೊಂದು ಬೇಕು, ಬೇರೆಲ್ಲವೂ ಸಮನಾಗಿರಬೇಕು ಎಂಬುದನ್ನು ಆ ಮಕ್ಕಳು ಯಾವ ವ್ಯಾಖ್ಯೆಯನ್ನೂ ಬಾಯಿಪಾಠ ಮಾಡದೆ ಕಂಡುಕೊಂಡಿದ್ದರು.

ಮೂರನೆಯ ದಿನ ಮೇಷ್ಟರು ಫೋನು ಮಾಡಿದರು. ಎರಡು ದಿನದ ಅನ್ನಕ್ಕೂ ವ್ಯತ್ಯಾಸ ಕಾಣಲಿಲ್ಲವಂತೆ. ಹುಡುಗಿ ಅಜ್ಜಿಗೆ ಹೇಳಿದಳಂತೆ. ಅಜ್ಜಿ ಎಲ್ಲವನ್ನೂ ಕೇಳಿ, "ಸರಿ ಕಣೆ, ಒಪ್ಪಿದೆ. ಆದ್ರೂ ಮುಂದಿನ ಸಲ ಒಂದು ದರ್ಭೆ ಹಾಕಿಡು" ಎಂದರಂತೆ. ಮೇಷ್ಟರೂ ನಾನೂ ಬಹಳ ಹೊತ್ತು ನಕ್ಕೆವು. ಅಜ್ಜಿ ಸೋಲಲಿಲ್ಲ, ಮೊಮ್ಮಗಳೂ ಸೋಲಲಿಲ್ಲ. ಜಿಜ್ಞಾಸೆಯ ಪಕ್ಕದಲ್ಲಿ ಮಾನವೀಯತೆ ಇರಬೇಕೆಂದದ್ದು ಇದನ್ನೇ.

ನನ್ನ ಬುಧವಾರ

ಈಗ ನನ್ನ ಹಳೆಯ ಪ್ರಶ್ನೆಗೆ ಬರೋಣ. 2005ರ ಜನವರಿ 31ರಂದು ನರಸಿಂಹಯ್ಯನವರು ತೀರಿಕೊಂಡರು. ನಾನು ದೂರದರ್ಶನದ ಕೆಲಸ ಕಲಿಯಲು ಬೆಂಗಳೂರಿಗೆ ಬಂದು ಹೆಚ್ಚು ದಿನಗಳಾಗಿರಲಿಲ್ಲ. ಅದೇ ವರ್ಷ ಒಂದು ಬುಧವಾರ ಸಂಜೆ ಗೆಳೆಯನೊಬ್ಬ ನನ್ನನ್ನು ನ್ಯಾಷನಲ್ ಕಾಲೇಜಿಗೆ ಕರೆದುಕೊಂಡು ಹೋದ. ಕಟ್ಟಿದವರು ಇರಲಿಲ್ಲ, ಬುಧವಾರ ಮಾತ್ರ ಇತ್ತು. ಮಾತು ಮುಗಿದ ಮೇಲೆ ಯಾರಾದರೂ ಪ್ರಶ್ನೆ ಕೇಳಬಹುದು ಎಂದರು. ನಾನು ಎದ್ದು ನಿಂತು, ಹಾಸನದ ತಟ್ಟೆ ಏಕೆ ತಿರುಗುವುದಿಲ್ಲ ಎಂದು ಕೇಳಿದೆ. ಯಾರೂ ನಗಲಿಲ್ಲ. ಉಪನ್ಯಾಸಕರು ಒಂದು ಸುಳಿವು ಕೊಟ್ಟರು: "ಚಂದ್ರನಿಂದ ಶುರುಮಾಡಿ, ಕೆಪ್ಲರನ ಮೂರನೆಯ ನಿಯಮ ಹಚ್ಚಿ." ಅಂದು ರಾತ್ರಿ ಕೋಣೆಯಲ್ಲಿ ಕೂತು ಮಾಡಿದ ಲೆಕ್ಕವನ್ನು ನೀವೂ ಮಾಡಿ ನೋಡಿ.

ಚಂದ್ರ ಭೂಮಿಯ ಕೇಂದ್ರದಿಂದ ಸುಮಾರು 3,84,000 ಕಿಲೋಮೀಟರ್ ದೂರದಲ್ಲಿದ್ದು, ಸುಮಾರು 27 ದಿನಗಳಲ್ಲಿ ಒಂದು ಸುತ್ತು ಬರುತ್ತಾನೆ. ಸುತ್ತುವ ಅವಧಿಯ ವರ್ಗ ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ ಎನ್ನುತ್ತದೆ ಆ ನಿಯಮ. ನಮಗೆ 27 ದಿನಗಳ ಬದಲು ಒಂದೇ ದಿನದಲ್ಲಿ ಸುತ್ತುವ ಉಪಗ್ರಹ ಬೇಕು. 27ರ ಘನಮೂಲ 3, ಅದರ ವರ್ಗ 9. ಹಾಗಾದರೆ ಆ ಉಪಗ್ರಹ ಚಂದ್ರನ ದೂರದ ಒಂಬತ್ತನೆಯ ಒಂದು ಭಾಗದಲ್ಲಿರಬೇಕು. 3,84,000ವನ್ನು 9ರಿಂದ ಭಾಗಿಸಿ: ಸುಮಾರು 42,700. ಇದರಲ್ಲಿ ಭೂಮಿಯ ತ್ರಿಜ್ಯ 6,400 ಕಳೆಯಿರಿ. ಉಳಿಯುವುದು ಸುಮಾರು 36,000 ಕಿಲೋಮೀಟರ್. ಸಮಭಾಜಕದ ಮೇಲೆ, ಅಷ್ಟು ಎತ್ತರದಲ್ಲಿ, ಭೂಮಿ ತಿರುಗುವ ದಿಕ್ಕಿನಲ್ಲೇ ಸುತ್ತುವ ಉಪಗ್ರಹ ಭೂಮಿಯ ಜೊತೆಗೇ ತಿರುಗುತ್ತದೆ. ಆದ್ದರಿಂದ ನೆಲದಲ್ಲಿ ನಿಂತವರಿಗೆ ಅದು ಆಕಾಶದಲ್ಲಿ ಮೊಳೆ ಹೊಡೆದಂತೆ ಒಂದೇ ಕಡೆ ಇರುತ್ತದೆ. ತಟ್ಟೆ ತಿರುಗಬೇಕಾಗಿಲ್ಲ.

ನನಗೆ ಆಶ್ಚರ್ಯವಾದದ್ದು ಬೇರೆ ವಿಷಯಕ್ಕೆ. ಕೆಪ್ಲರನ ನಿಯಮ ನಾನು ಬಿ.ಎಸ್ಸಿ.ಯಲ್ಲಿ ಬಾಯಿಪಾಠ ಮಾಡಿ ಅಂಕ ಪಡೆದಿದ್ದ ನಿಯಮವೇ. ಉತ್ತರ ಅಷ್ಟು ವರ್ಷ ನನ್ನ ಚೀಲದಲ್ಲಿ, ಟಿಫನ್ ಡಬ್ಬಿಯ ಪಕ್ಕದಲ್ಲೇ ಇತ್ತು. ಇಲ್ಲದಿದ್ದದ್ದು, ಕೇಳುವುದಕ್ಕೆ ಒಂದು ಬುಧವಾರ.

ಮಿತ್ರರೇ, ಹಾಸನದಲ್ಲೋ ಹೊಳೆನರಸೀಪುರದಲ್ಲೋ ಅರಕಲಗೂಡಿನಲ್ಲೋ ಚನ್ನರಾಯಪಟ್ಟಣದಲ್ಲೋ ನೀವು ಓದುತ್ತಿರುವ ಕಡೆ ಒಂದು ಖಾಲಿ ಕೊಠಡಿ, ಒಂದು ಕರಿಹಲಗೆ, ಐದಾರು ಜನ ಗೆಳೆಯರು ಇದ್ದೇ ಇರುತ್ತಾರೆ. ವಾರದಲ್ಲಿ ಒಂದು ಸಂಜೆ ಗೊತ್ತುಮಾಡಿಕೊಳ್ಳಿ. ನಿಮಗೆ ಪ್ರೀತಿಯಾದ ಮೇಷ್ಟರೊಬ್ಬರನ್ನು ಕರೆಯಿರಿ. ಪರೀಕ್ಷೆಗೆ ಬಾರದ ಪ್ರಶ್ನೆಗಳಿಗೆ ಅಲ್ಲಿ ಮೊದಲ ಮಣೆ ಎಂದು ಬಾಗಿಲ ಮೇಲೆ ಬರೆಯಿರಿ. ಮೊದಲ ವಾರ ನಾಲ್ಕೇ ಜನ ಬಂದರೂ ಬೇಸರ ಬೇಡ. ಯಾರಾದರೂ ಎದ್ದು ನಿಂತು ಸಂಶಯ ಕೇಳಿದಾಗ, 'ಕೂತ್ಕೋ' ಎನ್ನದೆ ಅವರ ಕೈಗೆ ಸೀಮೆಸುಣ್ಣ ಕೊಡಿ.